ಬಾಯಿ ಬಿಡದೆ ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಿಕೊಳ್ಳುವ ವಿಧಾನ

ವೈದ್ಯರು ಚೀಟಿ ಬರೆದುಕೊಟ್ಟ ಕೂಡಲೇ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿ. ಓದಬೇಡಿ. ಓದಿದರೆ ‘ಎಂಆರ್‌ಐ ಬ್ರೈನ್, ಪ್ಲೇನ್ ಅಂಡ್ ಕಾಂಟ್ರಾಸ್ಟ್’ ಎಂದಿರುವುದು ಕಣ್ಣಿಗೆ ಬಿದ್ದು, ಈ ಕಾಂಟ್ರಾಸ್ಟ್ ಯಾಕೆ ಎಂದು ಕೇಳುವ ಚಪಲ ಹುಟ್ಟುತ್ತದೆ. ಹೊರಗೆ ಟೋಕನ್ ಹಿಡಿದ ಜನ ಬಾಗಿಲನ್ನೇ ನೋಡುತ್ತ ಕೂತಿದ್ದಾರೆ, ಅವರ ಶಾಪ ನಿಮಗೇಕೆ? ಕೇಳಲೇಬೇಕೆಂದರೆ ‘ಸಾರ್, ಎಷ್ಟಾಗುತ್ತೆ?’ ಎಂದು ಕೇಳಿ. ಉತ್ತರ ಬಂದ ಮೇಲೆ ‘ಸ್ವಲ್ಪ ಕಮ್ಮಿ ಆಗಲ್ವಾ?’ ಎನ್ನಿ. ಅಲ್ಲಿಗೆ ಸಮಾಲೋಚನೆ ಮುಗಿಯಿತು. ಕೈ ಮುಗಿದು ಎದ್ದುಬನ್ನಿ.

ಮೊದಲೇ ಒಂದು ನಿರಾಶೆಯ ಸಂಗತಿ ಹೇಳಿಬಿಡುತ್ತೇನೆ. ಈ ಇಂಜೆಕ್ಷನ್ ಬಹುಮಟ್ಟಿಗೆ ಸುರಕ್ಷಿತ. ಸಣ್ಣಪುಟ್ಟದ್ದೆಲ್ಲ ಸೇರಿಸಿದರೂ ತಕ್ಷಣದ ಪ್ರತಿಕ್ರಿಯೆ ಕಾಣಿಸುವುದು 10,000 ಜನರಲ್ಲಿ 7ರಿಂದ 240 ಮಂದಿಗೆ; ಅದರಲ್ಲೂ ಹೆಚ್ಚಿನದು ವಾಕರಿಕೆ, ತಲೆನೋವು, ಕೈ ತಣ್ಣಗಾಗುವುದು, ಇಷ್ಟೇ. ಜೀವಕ್ಕೆ ಎರವಾಗುವಂಥ ತೀವ್ರ ಪ್ರತಿಕ್ರಿಯೆ ಲಕ್ಷಕ್ಕೆ ಒಂದರಿಂದ ಹತ್ತು. ಅಂದರೆ ಸುಮ್ಮನೆ ಹೋಗಿ ಮಲಗಿದರೆ ಅಪಾಯ ತಾನಾಗಿ ಒದಗಿಬರುವುದಿಲ್ಲ. ಅದಕ್ಕೆ ನಿಮ್ಮ ಪರಿಶ್ರಮ ಬೇಕು. ಪರಿಶ್ರಮವೆಂದರೆ ದೊಡ್ಡದೇನಲ್ಲ: ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಹೇಳದಿರುವುದು.

ಎದುರಾಳಿಯ ಪರಿಚಯ ಮಾಡಿಕೊಳ್ಳಿ. ನಿಮ್ಮ ರಕ್ತನಾಳಕ್ಕೆ ಹೋಗುವ, ನೀರಿನಷ್ಟೇ ತಿಳಿಯಾದ ಆ ದ್ರವದಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಮೂಲವಸ್ತುಗಳ ಸಾಲಿನಲ್ಲಿ 64ನೆಯದು. ಅದರ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಹಾಗಾಗಿ ದೊಡ್ಡ ಅಯಸ್ಕಾಂತದೊಳಗೆ ಅದು ತಾನೂ ಒಂದು ಪುಟ್ಟ ಅಯಸ್ಕಾಂತವಾಗಿ, ಸುತ್ತಲಿನ ನೀರಿನ ಹೈಡ್ರೋಜನ್ನನ್ನು ಕೆಣಕುತ್ತದೆ. ಅದು ಹೋಗಿ ಸೇರಿದ ಜಾಗ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆರೋಗ್ಯವಂತ ಮೆದುಳಿನ ರಕ್ತನಾಳಗಳು ಅದನ್ನು ಹೊರಗೆ ಸೋರಲು ಬಿಡುವುದಿಲ್ಲ. ಗಡ್ಡೆಯಿದ್ದರೆ, ಟಿಬಿಯ ಗಂಟಿದ್ದರೆ, ಸೋಂಕಿದ್ದರೆ ಅಲ್ಲಿ ಸೋರುತ್ತದೆ, ಸೋರಿದ್ದು ಕಾಣುತ್ತದೆ. ವೈದ್ಯರು ಬರೆದದ್ದು ಇಷ್ಟಕ್ಕೇ. ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಸದ್ಯ, ಕೇಳಲಿಲ್ಲ.

ಬರಿಯ ಗ್ಯಾಡೊಲಿನಿಯಂ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಹತ್ತಿರ, ಆದ್ದರಿಂದ ದೇಹದಲ್ಲಿ ಕ್ಯಾಲ್ಸಿಯಂ ಕೂರುವ ಪೀಠದ ಮೇಲೆ ತಾನು ಹೋಗಿ ಕೂತು ಕೆಲಸ ಕೆಡಿಸುತ್ತದೆ. ಅದಕ್ಕೇ ರಸಾಯನಶಾಸ್ತ್ರಜ್ಞರು ಅದನ್ನು ಸಾವಯವ ಅಣುವೊಂದರಲ್ಲಿ ಬಿಗಿದು ಕಳಿಸುತ್ತಾರೆ. ಬರ್ಲಿನ್ನಿನ ಶೆರಿಂಗ್ ಕಂಪನಿ ಹೀಗೆ ಬಿಗಿದ ಮೊದಲ ಔಷಧವನ್ನು 1988ರಲ್ಲಿ ಬಳಕೆಗೆ ತಂದಿತು. ರಕ್ತದಲ್ಲಿ ಸುತ್ತಿ, ಕಿಡ್ನಿಗೆ ಹೋಗಿ, ಮೂತ್ರದಲ್ಲಿ ಹೊರಬೀಳುವುದು ಅದರ ದಾರಿ. ಕಿಡ್ನಿ ಸರಿಯಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧ ಹೋಗುತ್ತದೆ, ಒಂದು ದಿನದಲ್ಲಿ ನೂರಕ್ಕೆ ತೊಂಬತ್ತರ ಮೇಲೆ. ಕಿಡ್ನಿ ಸರಿಯಿಲ್ಲದಿದ್ದರೆ ಅಲ್ಲೇ ಸುತ್ತುತ್ತಿರುತ್ತದೆ, ಸುತ್ತಿದಷ್ಟೂ ಹೊತ್ತು ಬಿಗಿ ಸಡಿಲವಾಗಲು ಅವಕಾಶ.

ಈಗ ನಿಮಗೆ ಹೊಳೆದಿರಬೇಕು. ಮುಚ್ಚಿಡಬೇಕಾದ ಮೊದಲ ಸಂಗತಿ ಕಿಡ್ನಿ.

ಕ್ರಿಯಾಟಿನಿನ್ ವರದಿಯನ್ನು ಮನೆಯ ಗಾಡ್ರೇಜ್ ಬೀರುವಿನಲ್ಲಿ, ಎಲ್‌ಐಸಿ ಬಾಂಡುಗಳ ಕೆಳಗೆ ಭದ್ರವಾಗಿಡಿ. ತರಲೇಬೇಕೆಂದು ಹಟ ಹಿಡಿದರೆ ಎರಡು ವರ್ಷ ಹಿಂದಿನದನ್ನು ತನ್ನಿ, ಅದರಲ್ಲಿ ಚೆನ್ನಾಗಿತ್ತು. ಹೊಸ ವರದಿಯಲ್ಲಿ 1.4 ಇದ್ದರೆ ‘ಬಾರ್ಡರ್ ಅಷ್ಟೇ’ ಎಂದು ನೀವೇ ತೀರ್ಪು ಕೊಡಿ. ಅದೇ 1.4 ಇಪ್ಪತ್ತೈದರ ಹುಡುಗನಲ್ಲಿ ಕಿಡ್ನಿ ಶೋಧಿಸುವ ವೇಗ ಸುಮಾರು 70 ಎಂದೂ, ಎಪ್ಪತ್ತೈದರ ಅಜ್ಜಿಯಲ್ಲಿ ಸುಮಾರು 40 ಎಂದೂ ಅರ್ಥ ಕೊಡುತ್ತದೆ ಎಂದು ಯಾರಾದರೂ ಲೆಕ್ಕ ಹಾಕಲು ಹೊರಟರೆ, ‘ನಮ್ಮಮ್ಮ ಗಟ್ಟಿಮುಟ್ಟು, ಈಗಲೂ ರಾಗಿ ಮುದ್ದೆ ತಿರುವ್ತಾರೆ’ ಎಂದು ತಡೆಯಿರಿ. ಈ ವೇಗ 30ಕ್ಕಿಂತ ಕೆಳಗಿದ್ದರೆ ಎಚ್ಚರ ಹೆಚ್ಚಬೇಕು, ಯಾವ ಔಷಧ ಎಂಬುದನ್ನು ನೋಡಿ ಆರಿಸಬೇಕು ಎಂಬುದು ಎಲ್ಲ ಮಾರ್ಗಸೂಚಿಗಳ ಮಾತು. ಮುದ್ದೆ ತಿರುವುವ ಶಕ್ತಿಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಅದು ಅವುಗಳ ಕೊರತೆ.

‘ಏನಾದರೂ ಔಷಧಿ ತಗೊಳ್ತೀರಾ?’ ಎಂದರೆ ಬಿಪಿ ಮಾತ್ರೆಯೊಂದನ್ನು ಹೇಳಿ ನಿಲ್ಲಿಸಿ. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನವನು ಪೊಟ್ಟಣ ಕಟ್ಟಿಕೊಡುವ, ನೀವು ಮೂರು ವರ್ಷದಿಂದ ಕಾಫಿಯಷ್ಟೇ ನಿಷ್ಠೆಯಿಂದ ನುಂಗುತ್ತಿರುವ ಆ ಮಾತ್ರೆ ಔಷಧಿಯ ಲೆಕ್ಕಕ್ಕೆ ಬರುವುದಿಲ್ಲ. ಊರ ಪಂಡಿತರು ಕೊಟ್ಟ ಬೂದುಬಣ್ಣದ ಪುಡಿಯಂತೂ ಬರುವುದೇ ಇಲ್ಲ, ಅದರಲ್ಲಿ ಸೈಡ್ ಎಫೆಕ್ಟ್ ಇಲ್ಲವಲ್ಲ. ಎರಡೂ ಕಿಡ್ನಿಯನ್ನೇ ಹುಡುಕಿಕೊಂಡು ಹೋಗಬಲ್ಲವು ಎಂಬುದು ಕಿಡ್ನಿಗೂ ಅವಕ್ಕೂ ಬಿಟ್ಟ ವಿಷಯ.

ಡಯಾಲಿಸಿಸ್ ನಡೆಯುತ್ತಿದ್ದರೆ ನಿಮಗೆ ವಿಶೇಷ ಅವಕಾಶವಿದೆ. ತುಂಬುತೋಳಿನ ಅಂಗಿ ಹಾಕಿ, ಫಿಸ್ಟುಲಾ ಮುಚ್ಚಿ. ಸೂಜಿ ಚುಚ್ಚಲು ನರ ಸಿಗದೆ ಸಿಸ್ಟರ್ ಪರದಾಡುವಾಗ ಆ ಕೈಯನ್ನೇ ಮುಂದೆ ಚಾಚಿ, ‘ಇಲ್ಲಿ ದಪ್ಪ ನರ ಇದೆ ನೋಡಮ್ಮ’ ಎಂದು ಉಪಕಾರ ಮಾಡಿ. ವಾರಕ್ಕೆ ಮೂರು ಸಲ ನಿಮ್ಮನ್ನು ಬದುಕಿಸಿಡುವ ಆ ನಾಳ ಹಾಳಾದರೆ ಇನ್ನೊಂದು ಕೈ ಇದೆಯಲ್ಲ. ಸ್ಕ್ಯಾನನ್ನು ಡಯಾಲಿಸಿಸ್ಸಿಗೆ ಸ್ವಲ್ಪ ಮುಂಚೆ ಬರುವಂತೆ ಹೊಂದಿಸಿದರೆ ಔಷಧ ಬೇಗ ಹೊರಹೋಗುತ್ತದೆ ಎಂದು ಕಿಡ್ನಿ ವೈದ್ಯರು ಹೇಳಿಯಾರು. ಆದ್ದರಿಂದ ಅವರಿಗೆ ಫೋನ್ ಮಾಡಬೇಡಿ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ನಮ್ಮ ವಿದ್ಯೆಯ ಸುವರ್ಣಯುಗ ಅದು. ಒಂದು ಕಾಲದಲ್ಲಿ ಕಿಡ್ನಿ ಸೋತವರಿಗೆ ಸಿಟಿ ಸ್ಕ್ಯಾನಿನ ಅಯೋಡಿನ್ ಬೇಡ, ಗ್ಯಾಡೊಲಿನಿಯಮ್ಮೇ ಸೌಮ್ಯ ಎಂದು ನಂಬಿಕೆಯಿತ್ತು. ರಕ್ತನಾಳಗಳ ಚಿತ್ರಕ್ಕಾಗಿ ಎರಡು ಪಟ್ಟು, ಮೂರು ಪಟ್ಟು ಕೊಡುವುದೂ ನಡೆದಿತ್ತು. 1997ರಿಂದ ಅಮೆರಿಕದಲ್ಲಿ ಕೆಲವು ಡಯಾಲಿಸಿಸ್ ರೋಗಿಗಳ ಚರ್ಮ ಗಟ್ಟಿಯಾಗತೊಡಗಿತು, ಕೀಲುಗಳು ಮಡಚದಾದವು, ಕೆಲವರು ಗಾಲಿಕುರ್ಚಿ ಸೇರಿದರು, ಕೆಲವರು ತೀರಿಕೊಂಡರು. 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಸ ರೋಗವೆಂದು ವರ್ಣನೆ ಬಂತು. ಕಾರಣ ಗೊತ್ತಾಗಲಿಲ್ಲ. ಡಯಾಲಿಸಿಸ್ ಕಡತ ಒಂದು ಕಡೆ, ಚರ್ಮದವರ ಕಡತ ಇನ್ನೊಂದು ಕಡೆ, ಸ್ಕ್ಯಾನಿಂಗಿನವರ ಕಡತ ಮತ್ತೊಂದು ಕಡೆ. ಮೂರೂ ಒಂದನ್ನೊಂದು ಮಾತಾಡಿಸುವ ಪದ್ಧತಿಯಿರಲಿಲ್ಲ. 2006ರಲ್ಲಿ ಆಸ್ಟ್ರಿಯಾದ ಥಾಮಸ್ ಗ್ರೋಬ್ನರ್ ಎಂಬ ಕಿಡ್ನಿ ವೈದ್ಯರು ತಮ್ಮ ರೋಗಿಗಳೆಲ್ಲ ಗ್ಯಾಡೊಲಿನಿಯಂ ಪಡೆದವರೇ ಎಂದು ಬರೆದು ಆಟ ಕೆಡಿಸಿದರು. ಡೆನ್ಮಾರ್ಕಿನಿಂದಲೂ ಅದೇ ವರ್ಷ ಅದೇ ಸುದ್ದಿ ಬಂತು. 2007ರಲ್ಲಿ ಅಮೆರಿಕದ ಎಫ್‌ಡಿಎ ಔಷಧದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಆಮೇಲೆ ಕಿಡ್ನಿ ಹೇಗಿದೆ ಎಂದು ಕೇಳುವ, ಡೋಸು ಇಳಿಸುವ, ಒಳ್ಳೆಯ ಔಷಧ ಆರಿಸುವ ಅಭ್ಯಾಸ ಶುರುವಾಗಿ, ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಎಂಬ ಆ ಕಾಯಿಲೆ ಹೆಚ್ಚುಕಡಿಮೆ ಕಾಣೆಯೇ ಆಯಿತು. ಒಂದು ರೋಗ ಹುಟ್ಟಿ, ಹೆಸರು ಪಡೆದು, ಮಾಯವಾಗಲು ಹತ್ತು ಹದಿನೈದು ವರ್ಷ ಸಾಕಾಯಿತು. ಅದರಲ್ಲಿ ಮೊದಲ ಒಂಬತ್ತು ವರ್ಷ ಹೋದದ್ದು ಕಡತ ಹುಡುಕುವುದರಲ್ಲಿ.

‘ಒಳ್ಳೆಯ ಔಷಧ ಆರಿಸುವ’ ಎಂದೆನಲ್ಲ, ಅದರ ಗೊಡವೆಗೂ ಹೋಗಬೇಡಿ. ಲೋಹವನ್ನು ಬಿಗಿಯುವುದರಲ್ಲಿ ಎರಡು ಬಗೆ. ಲೀನಿಯರ್ ಎಂಬುದು ಇಕ್ಕಳದಲ್ಲಿ ಹಿಡಿದಂತೆ, ಮ್ಯಾಕ್ರೋಸೈಕ್ಲಿಕ್ ಎಂಬುದು ಬೋನಿನಲ್ಲಿ ಕೂಡಿದಂತೆ. ಎರಡನೆಯದರಿಂದ ಲೋಹ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಗ್ಯಾಡೊಬುಟ್ರಾಲ್, ಗ್ಯಾಡೊಟೆರೇಟ್, ಗ್ಯಾಡೊಟೆರಿಡಾಲ್ ಬೋನಿನ ಜಾತಿ. ಗ್ಯಾಡೊಡಯಮೈಡ್, ಗ್ಯಾಡೊಪೆಂಟಿಟೇಟ್ ಇಕ್ಕಳದ ಜಾತಿ. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಇಕ್ಕಳದವುಗಳಲ್ಲಿ ಹಲವನ್ನು ರಕ್ತನಾಳಕ್ಕೆ ಕೊಡುವುದನ್ನೇ ನಿಲ್ಲಿಸಿತು, ಲಿವರ್ ನೋಡಲು ಬೇಕಾದ ಎರಡನ್ನು ಮಾತ್ರ ಉಳಿಸಿಕೊಂಡಿತು. ಇಷ್ಟು ತಿಳಿದ ಮೇಲೆ ‘ಯಾವ ಕಾಂಟ್ರಾಸ್ಟ್ ಹಾಕ್ತೀರಿ?’ ಎಂಬ ಮೂರು ಪದದ ಪ್ರಶ್ನೆ ನಾಲಗೆಯ ತುದಿಗೆ ಬರುತ್ತದೆ. ನುಂಗಿಬಿಡಿ. ಬಿಲ್ಲಿನಲ್ಲಿ ‘ಕಾಂಟ್ರಾಸ್ಟ್’ ಎಂದಷ್ಟೇ ಇದ್ದರೆ ಹಾಗೇ ಇರಲಿ. ಸೀರೆ ಕೊಳ್ಳುವಾಗ ಯಾವ ಊರಿನ ಮಗ್ಗ ಎಂದು ವಿಚಾರಿಸಿ ಅಂಗಡಿಯವನ ಬೆವರಿಳಿಸುವವರು ನಾವು, ಎಲ್ಲ ಕಡೆಯೂ ಹಾಗೆ ಮಾಡಿದರೆ ಮರ್ಯಾದೆ ಉಳಿಯುವುದಿಲ್ಲ.

ಸೆಂಟರನ್ನು ಆರಿಸುವುದು ಸುಲಭ. ಎಲ್ಲಿ ಕಡಿಮೆಯೋ ಅಲ್ಲಿ. ರಾತ್ರಿ ಹನ್ನೊಂದರ ಮೇಲೆ ರಿಯಾಯಿತಿ ಇದ್ದರೆ ಇನ್ನೂ ಒಳ್ಳೆಯದು, ಆ ಹೊತ್ತಿಗೆ ರೇಡಿಯಾಲಜಿಸ್ಟ್ ಮನೆಗೆ ಹೋಗಿರುತ್ತಾರೆ, ಅವರಿಗೂ ಸಂಸಾರವಿದೆ. ‘ಡಾಕ್ಟ್ರು ಇದ್ದಾರಾ? ರಿಯಾಕ್ಷನ್ ಆದ್ರೆ ಯಾರು ನೋಡ್ತಾರೆ? ಅಡ್ರಿನಲಿನ್ ಇಟ್ಟಿದ್ದೀರಾ?’ ಎಂದು ವಿಚಾರಿಸುವುದು ಅಪಶಕುನ. ತೀವ್ರ ಅಲರ್ಜಿಗೆ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಅದರ ಬೆಲೆ ನೀವು ಪಾರ್ಕಿಂಗಿಗೆ ಕೊಟ್ಟದ್ದರ ಆಸುಪಾಸು. ಇಷ್ಟು ಅಗ್ಗದ ವಸ್ತುವಿನ ಬಗ್ಗೆ ಗಂಭೀರವಾಗಿ ಕೇಳುವುದೇ ಒಂದು ಬಗೆಯ ಅಲ್ಪತನ.

ಕೌಂಟರಿನಲ್ಲಿ ಫಾರಂ ಕೊಡುತ್ತಾರೆ. ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಇದೆಯೇ ಎಂದು ಕೇಳಬೇಡಿ, ಕೇಳಿದರೆ ಕೊಟ್ಟುಬಿಡುವ ಅಪಾಯವಿದೆ. ಪ್ರಶ್ನೆಗಳ ಎದುರು ‘ಯೆಸ್’, ‘ನೋ’ ಎಂಬ ಎರಡು ಸಾಲು ಚೌಕಗಳಿರುತ್ತವೆ. ‘ನೋ’ ಸಾಲಿನ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆಯಿರಿ, ಪೆನ್ನು ಎತ್ತಬಾರದು. ಅನುಭವಿಗಳು ಹಾಗೆ ಎಳೆದ ಫಾರಂಗಳಲ್ಲಿ ಮೀಸೆ ಹೊತ್ತ ಗಂಡಸರು ‘ನೀವು ಗರ್ಭಿಣಿಯೇ?’ ಎಂಬ ಪ್ರಶ್ನೆಗೂ ಪ್ರಾಮಾಣಿಕವಾಗಿ ಇಲ್ಲವೆಂದಿರುತ್ತಾರೆ. ಸಹಿಯನ್ನು ಬಾವಮೈದ ಹಾಕಲಿ. ರೋಗಿಗೆ ಪ್ರಜ್ಞೆ, ವಿದ್ಯೆ, ಕನ್ನಡಕ ಮೂರೂ ಇದ್ದರೂ ಬಾವಮೈದನೇ ಹಾಕಬೇಕು. ಅವನಿಗೆ ಏನೂ ಗೊತ್ತಿರುವುದಿಲ್ಲ, ಅದೇ ಅವನ ಅರ್ಹತೆ.

ಅಲರ್ಜಿಯ ಪ್ರಶ್ನೆಗೆ ಮಾತ್ರ ಬಾಯಲ್ಲೂ ಉತ್ತರಿಸಬೇಕಾಗುತ್ತದೆ. ಇದನ್ನು ಎದುರಿಸುವ ಮಾದರಿ ಹೀಗಿದೆ.

‘ಅಜ್ಜಿ, ಅಲರ್ಜಿ ಏನಾದ್ರೂ ಇದೆಯಾ?’

‘ಬದನೆಕಾಯಿ ತಿಂದ್ರೆ ನವೆ ಕಣವ್ವಾ. ಅದೂ ಹಸಿರು ಬದನೆಗಿಲ್ಲ, ನೇರಳೆದಕ್ಕೆ ಮಾತ್ರ.’

‘ಹಿಂದೆ ಸ್ಕ್ಯಾನಿಂಗ್‌ನಲ್ಲಿ ಇಂಜೆಕ್ಷನ್ ಹಾಕಿದ್ರಾ? ಏನಾದ್ರೂ ಆಯ್ತಾ?’

‘ಏನೂ ಆಗ್ಲಿಲ್ಲವ್ವ.’

ಹೋದ ಸಲ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಎರಡು ಇಂಜೆಕ್ಷನ್ ಕೊಟ್ಟು ಮಲಗಿಸಿದ್ದನ್ನು ಅಜ್ಜಿ ಹೇಳಲಿಲ್ಲ ನೋಡಿ. ಆಗಿದ್ದು ಹೋಯಿತು, ಈಗ ಏನೂ ಇಲ್ಲವಲ್ಲ! ಹಿಂದೊಮ್ಮೆ ಗ್ಯಾಡೊಲಿನಿಯಮ್ಮಿಗೆ ಪ್ರತಿಕ್ರಿಯೆ ತೋರಿದವರಲ್ಲಿ ಮತ್ತೆ ತೋರುವ ಸಂಭವ ಸುಮಾರು ಎಂಟು ಪಟ್ಟು. ಬದನೆಕಾಯಿಗೂ ಇದಕ್ಕೂ ನಂಟಿಲ್ಲ. ಆದ್ದರಿಂದ ಬದನೆಕಾಯಿಯ ವಿಷಯವನ್ನು ವಿವರವಾಗಿ ಹೇಳಿ, ಇನ್ನೊಂದನ್ನು ಬಿಡಿ. ಉಬ್ಬಸವಿದ್ದರೆ ಅದನ್ನೂ ಬಿಡಿ, ಇನ್ಹೇಲರನ್ನು ಮನೆಯಲ್ಲೇ ಬಿಡಿ.

ತೂಕ ಕೇಳಿದಾಗ ಮದುವೆಯಲ್ಲಿದ್ದ ತೂಕ ಹೇಳಿ. ಸಾಮಾನ್ಯವಾಗಿ ಕೆಜಿಗೆ 0.2 ಮಿಲಿ ಲೆಕ್ಕ. ಅರವತ್ತು ಕೆಜಿಗೆ 12 ಮಿಲಿ, ಎಂಬತ್ತಕ್ಕೆ 16. ಗ್ಯಾಡೊಬುಟ್ರಾಲ್ ಎರಡರಷ್ಟು ಗಾಢವಾದ್ದರಿಂದ ಅದರಲ್ಲಿ ಅರ್ಧ ಸಾಕು. ನೀವು ಎಂಬತ್ತಿದ್ದು ಅರವತ್ತೆಂದರೆ ಔಷಧ ಕಡಿಮೆ ಬಿದ್ದು, ಕಾಣಬೇಕಾದ ಚುಕ್ಕೆ ಮಂಕಾಗಿ ಕಾಣುತ್ತದೆ, ಅಥವಾ ಕಾಣುವುದಿಲ್ಲ. ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದಾಯಿತು. ಒಂದೇ ಸುಳ್ಳಿನಲ್ಲಿ ತೂಕವೂ ಇಳಿಯಿತು, ರೋಗವೂ ಇಳಿಯಿತು.

ಇನ್ನು ಲೋಹ. ಅಯಸ್ಕಾಂತವನ್ನು ಸ್ಕ್ಯಾನ್ ಮುಗಿದ ಮೇಲೆ ಆರಿಸುತ್ತಾರೆಂದು ದೃಢವಾಗಿ ನಂಬಿ. ದ್ರವ ಹೀಲಿಯಮ್ಮಿನಲ್ಲಿ, ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿ ಕೂತಿರುವ ಅದು ಹಗಲೂ ರಾತ್ರಿ, ಭಾನುವಾರವೂ, ಕರೆಂಟು ಹೋದಾಗಲೂ ಎಳೆಯುತ್ತಲೇ ಇರುತ್ತದೆ. ಭೂಮಿಯದ್ದಕ್ಕಿಂತ ಮೂವತ್ತು ಸಾವಿರ ಪಟ್ಟಿನ ಬಲ. ಮಾಂಗಲ್ಯ ಸರಕ್ಕೆ ಸಿಕ್ಕಿಸಿದ ನಾಲ್ಕು ಪಿನ್ನು, ಬಳೆಗೆ ಸಿಕ್ಕಿಸಿದ ಎರಡು, ಸೆರಗಿನದೊಂದು, ಜಡೆಯೊಳಗೆ ಅಡಗಿದ ಕ್ಲಿಪ್ಪು, ಉಡಿದಾರದ ಬೀಗದಕೈ, ಇವನ್ನೆಲ್ಲ ಲೋಹವೆಂದು ಎಣಿಸಬೇಡಿ. ಲೋಹವೆಂದರೆ ಪಾತ್ರೆಪಗಡೆ. ಪೀಣ್ಯದಲ್ಲಿ ಲೇತಿನ ಮುಂದೆ ದುಡಿದವರು ಕಣ್ಣಿಗೆ ಸಿಡಿದ ಕಬ್ಬಿಣದ ಚೂರಿನ ಕಥೆಯನ್ನು ಮೊಮ್ಮಕ್ಕಳಿಗಷ್ಟೇ ಹೇಳಿ. ಎದೆಯಲ್ಲಿರುವ ಪೇಸ್‌ಮೇಕರನ್ನು ‘ಮೆಷೀನ್ ಹಾಕಿದ್ದಾರೆ, ಈಗ ಆರಾಮ’ ಎಂದು ನೆಂಟರಿಗೆ ಹೇಳಿ ಮುಗಿಸಿ. ಜೊತೆಗೆ ಬಂದವರು ಬಾಗಿಲ ಗೆರೆ ದಾಟಿ ಒಳಗೆ ಬರಲಿ, ಕೈಯಲ್ಲಿ ಏನಾದರೂ ಇರಲಿ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಕಡೆಯವರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಬಿಟ್ಟರು. 2025ರ ಜುಲೈನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಇನ್ನೊಬ್ಬರು, ಕೊರಳಲ್ಲಿ ವ್ಯಾಯಾಮಕ್ಕೆಂದು ಧರಿಸಿದ್ದ ಒಂಬತ್ತು ಕೆಜಿಯ ಸರಪಳಿಯಿಂದ. ಇಬ್ಬರೂ ರೋಗಿಗಳಲ್ಲ, ಜೊತೆಗೆ ಬಂದವರು. ಈ ಭಾಗದಲ್ಲಿ ನನಗೆ ಹೆಚ್ಚು ಕಲಿಸಲು ಇಷ್ಟವಿಲ್ಲ. ಮುಂದೆ ಹೋಗೋಣ.

ಮೇಜಿನ ಮೇಲೆ ಮಲಗಿಸಿ, ಕೈಗೆ ಕ್ಯಾನುಲಾ ಹಾಕಿ, ಇನ್ನೊಂದು ಕೈಗೆ ರಬ್ಬರಿನ ಚೆಂಡೊಂದನ್ನು ಕೊಡುತ್ತಾರೆ. ತೊಂದರೆಯಾದರೆ ಒತ್ತಿ ಎನ್ನುತ್ತಾರೆ. ಚೆಂಡನ್ನು ಮೇಜಿನ ಬದಿಗೆ ಮೆಲ್ಲಗೆ ಜಾರಿಸಿಬಿಡಿ. ಇಂಜೆಕ್ಷನ್ ಹೋಗುವಾಗ ಕೈ ತಣ್ಣಗಾಗಬಹುದು, ಬಾಯಲ್ಲಿ ಲೋಹದ ರುಚಿ ಬರಬಹುದು. ಅದು ಸಹಜ, ಹೋಗುತ್ತದೆ. ಕ್ಯಾನುಲಾ ಹತ್ತಿರ ಉರಿದು ಊದಿದರೆ ಔಷಧ ನರದ ಹೊರಗೆ ಹೋಗುತ್ತಿದೆ ಎಂದರ್ಥ, ಹಲ್ಲು ಕಚ್ಚಿ ಸಹಿಸಿ. ಮೈ ನವೆಯಾದರೆ ಸಹಿಸಿ. ಗಂಟಲು ಬಿಗಿದರೆ ರಾಯರನ್ನೋ ಮಂಜುನಾಥನನ್ನೋ ನೆನೆಯುತ್ತ ಸಹಿಸಿ. ‘ಈಗ ಎದ್ದರೆ ಮತ್ತೆ ಮೊದಲಿಂದ ಮಾಡ್ತಾರೆ, ಮತ್ತೆ ದುಡ್ಡು ಕೇಳ್ತಾರೆ’ ಎಂಬ ಯೋಚನೆ ಧೈರ್ಯ ಕೊಡುತ್ತದೆ. ಆ ಕೋಣೆಯಲ್ಲಿ ನಿಮ್ಮನ್ನು ಉಳಿಸುವ ಉಪಕರಣಗಳನ್ನು ತರುವಂತಿಲ್ಲ. ಅಯಸ್ಕಾಂತ ಅವನ್ನೂ ಎಳೆಯುತ್ತದೆ. ಮೊದಲು ನಿಮ್ಮನ್ನು ಹೊರಗೆ ಸಾಗಿಸಬೇಕು, ಆಮೇಲೆ ಉಳಿದದ್ದು. ನೀವು ಚೆಂಡು ಒತ್ತಲು ತಡಮಾಡಿದ ಪ್ರತಿ ನಿಮಿಷವೂ ಈ ಲೆಕ್ಕಕ್ಕೆ ಸೇರುತ್ತದೆ.

ಇಷ್ಟು ಧೈರ್ಯ ನಿಮಗಿಲ್ಲದಿದ್ದರೆ ಚಿಂತಿಸಬೇಡಿ. ಹೆದರಿಕೆಯ ಮಾರ್ಗವೂ ಇದೆ, ಅದು ಇಷ್ಟೇ ಫಲಪ್ರದ. ವಾಟ್ಸ್ಯಾಪಿನಲ್ಲಿ ‘ಡೈ ಹಾಕಿಸಿಕೊಂಡರೆ ಕಿಡ್ನಿ ಫೇಲ್’ ಎಂಬ ಸಂದೇಶವನ್ನು ಹುಡುಕಿ ಓದಿ. ಅದು ಸಿಟಿ ಸ್ಕ್ಯಾನಿನ ಅಯೋಡಿನ್ ಔಷಧದ ಕುರಿತೋ ಎಂಆರ್‌ಐಯ ಗ್ಯಾಡೊಲಿನಿಯಂ ಕುರಿತೋ ಎಂದು ವಿಂಗಡಿಸಲು ಹೋಗಬೇಡಿ. ಗ್ಯಾಡೊಲಿನಿಯಂ ಸರಿಯಿರುವ ಕಿಡ್ನಿಯನ್ನು ಕೆಡಿಸುವುದಕ್ಕಿಂತ, ಕೆಟ್ಟ ಕಿಡ್ನಿಯಲ್ಲಿ ತಾನು ಸಿಕ್ಕಿಹಾಕಿಕೊಳ್ಳುವುದೇ ಮುಖ್ಯ ಸಮಸ್ಯೆ ಎಂಬ ಸೂಕ್ಷ್ಮ ಆ ಸಂದೇಶದಲ್ಲಿರುವುದಿಲ್ಲ. ಮೀನು, ಸೀಗಡಿ ತಿಂದರೆ ಆಗದವರು ‘ಹಾಗಾದರೆ ನನಗೆ ಡೈ ಬೇಡ’ ಎಂದು ಎದ್ದುಬನ್ನಿ. ಎರಡಕ್ಕೂ ಸಂಬಂಧವಿಲ್ಲದಿರುವುದೇ ಅದರ ಸೊಗಸು. ಆಮೇಲೆ, 2014ರಲ್ಲಿ ಜಪಾನಿನ ತೊಮೊನೊರಿ ಕಾಂಡಾ ಮತ್ತು ಸಂಗಡಿಗರು, ಮತ್ತೆ ಮತ್ತೆ ಈ ಔಷಧ ಪಡೆದವರ ಮೆದುಳಿನ ಕೆಲವು ಭಾಗಗಳು ಇಂಜೆಕ್ಷನ್ ಇಲ್ಲದಾಗಲೂ ಬೆಳ್ಳಗೆ ಕಾಣುವುದನ್ನು ತೋರಿಸಿದರು ಎಂಬುದನ್ನು ಓದಿ. ಅಲ್ಲಿಗೆ ಪುಟ ಮುಚ್ಚಿ. ಹೀಗೆ ಉಳಿಯುವುದು ಇಕ್ಕಳದ ಜಾತಿಯಲ್ಲೇ ಹೆಚ್ಚು ಎಂದೂ, ಕಿಡ್ನಿ ಸರಿಯಿರುವವರಲ್ಲಿ ಆ ಶೇಷದಿಂದಲೇ ಹಾನಿಯಾಯಿತೆಂದು ಸಿದ್ಧವಾಗಿಲ್ಲ ಎಂದೂ, ಆದರೂ ಅನಗತ್ಯವಾಗಿ ಕೊಡಬಾರದು, ರೋಗಿಗೆ ತಿಳಿಸಿಯೇ ಕೊಡಬೇಕು ಎಂದೂ ಎಫ್‌ಡಿಎ 2017ರಲ್ಲಿ ಹೇಳಿದ್ದು ಮುಂದಿನ ಪುಟದಲ್ಲಿದೆ. ಓದಿದರೆ ಹೆದರಿಕೆ ಹದಕ್ಕೆ ಬಂದುಬಿಡುತ್ತದೆ. ಅರ್ಧ ಓದಿ, ‘ಪ್ಲೇನ್ ಮಾತ್ರ ಸಾಕು’ ಎಂದು ಬರೆದುಕೊಡಿ. ಆಪರೇಷನ್ ಆದ ಗಡ್ಡೆ ಮತ್ತೆ ಬೆಳೆದಿದೆಯೇ ಎಂದು ನೋಡಲು ವೈದ್ಯರು ಕಳಿಸಿದ್ದರೆ, ನೋಡದೆಯೇ ಬಂದಂತಾಗುತ್ತದೆ.

ಹಾಗೆಂದು ಬೇಡವಾದ ಕಡೆ ಕಂಜೂಸುತನ ಬೇಡ. ಸಾಧಾರಣ ಬೆನ್ನುನೋವಿನ ಡಿಸ್ಕಿಗೆ, ಮೊಣಕಾಲಿನ ಲಿಗಮೆಂಟಿಗೆ ಕಾಂಟ್ರಾಸ್ಟ್ ಬೇಕಾಗುವುದೇ ಅಪರೂಪ. ಅಲ್ಲಿ ‘ಹೇಗೂ ಬಂದಿದ್ದೀವಿ, ಡೈನೂ ಹಾಕಿಬಿಡಿ, ಕ್ಲಿಯರಾಗಿ ಬರ್ಲಿ’ ಎಂದು ಹಟ ಮಾಡಿ. ಕೆಲವು ಕಡೆ ಹಟ ಮಾಡುವ ಶ್ರಮವೂ ಬೇಕಾಗುವುದಿಲ್ಲ.

ಬಸುರಿಯಾಗಿದ್ದರೆ, ಅಥವಾ ತಿಂಗಳು ತಪ್ಪಿದ ಅನುಮಾನವಿದ್ದರೆ, ಅತ್ತೆಗೆ ಇನ್ನೂ ಹೇಳದ್ದನ್ನು ಸ್ಕ್ಯಾನಿಂಗಿನ ಹುಡುಗನಿಗೆ ಹೇಳುವುದೇ ಎಂದು ಸುಮ್ಮನಿರಿ. ಔಷಧ ಮಾಸು ದಾಟಿ ಮಗುವಿನ ಸುತ್ತಲಿನ ನೀರಿಗೂ ಹೋಗುತ್ತದೆ. ಅದಕ್ಕೇ ಅನಿವಾರ್ಯವಲ್ಲದೆ ಬಸುರಿಯರಿಗೆ ಕೊಡುವುದಿಲ್ಲ. ಬಾಣಂತಿಯ ವಿಷಯದಲ್ಲಿ ತದ್ವಿರುದ್ಧ ಮಾಡಿ. ಹಾಲಿಗೆ ಇಳಿಯುವುದು ಕೊಟ್ಟ ಔಷಧದ ನೂರಕ್ಕೆ 0.04ಕ್ಕಿಂತ ಕಡಿಮೆ, ಅದರಲ್ಲೂ ಮಗುವಿನ ಕರುಳು ಹೀರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ಹಾಲೂಡಿಸಲು ಅಡ್ಡಿಯಿಲ್ಲ. ಇದನ್ನು ವೈದ್ಯರು ಹೇಳಿದರೂ ಮನೆಯ ಹಿರಿಯರ ಮಾತು ಕೇಳಿ ಒಂದು ವಾರ ಹಾಲು ಹಿಂಡಿ ಚೆಲ್ಲಿ. ಮಗು ಅತ್ತರೆ ಅದು ಡೈಯ ಪ್ರಭಾವವೇ ಎಂದು ಎಲ್ಲರೂ ಒಪ್ಪುತ್ತಾರೆ.

ಸ್ಕ್ಯಾನ್ ಮುಗಿದ ಮರುಕ್ಷಣವೇ ಓಡಿ. ‘ಅರ್ಧ ಗಂಟೆ ಕೂತಿರಿ’ ಎಂದರೆ ಆಟೋ ಕಾಯುತ್ತಿದೆ ಎನ್ನಿ. ಅಲರ್ಜಿ ತೋರುವುದಿದ್ದರೆ ಬಹುಪಾಲು ಈ ಅರ್ಧ ಗಂಟೆಯಲ್ಲೇ ತೋರುತ್ತದೆ, ಅದನ್ನು ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ಅನುಭವಿಸುವುದು ಮೇಲು. ಆಂಬುಲೆನ್ಸ್ ಬರಲಾರದು ಎಂಬ ಖಾತ್ರಿಯಾದರೂ ಇರುತ್ತದೆ. ಮನೆಗೆ ಬಂದು ದೇಹವನ್ನು ತೊಳೆಯಲು ಆರಂಭಿಸಿ. ದಿನಕ್ಕೆ ಎಂಟು ಎಳನೀರು ಕುಡಿಯಿರಿ. ಕಿಡ್ನಿ ಸೋತವರಾದರೆ ಹತ್ತು ಕುಡಿಯಿರಿ. ಎಳನೀರಿನಲ್ಲಿ ಪೊಟ್ಯಾಸಿಯಂ ದಂಡಿಯಾಗಿದೆ, ಸೋತ ಕಿಡ್ನಿ ಅದನ್ನು ಹೊರಹಾಕಲಾರದು, ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ. ಗ್ಯಾಡೊಲಿನಿಯಂ ಮಾಡಲಾಗದ್ದನ್ನು ಮದ್ದೂರಿನ ತೆಂಗಿನಮರ ಮಾಡಿ ಮುಗಿಸುತ್ತದೆ.

ಕೊನೆಗೆ ಕಾಗದಪತ್ರ. ಫಿಲ್ಮನ್ನು ಅಟ್ಟಕ್ಕೆ ಹಾಕಿ, ಸಿಡಿಯನ್ನು ಹೊಲದ ಬೆಳೆಗೆ ಹಕ್ಕಿ ಬಾರದಂತೆ ಕಟ್ಟಿ. ಯಾವ ಔಷಧ, ಎಷ್ಟು ಮಿಲಿ, ಯಾವ ದಿನ ಎಂಬುದನ್ನು ಎಲ್ಲೂ ಬರೆದಿಡಬೇಡಿ. ಪ್ರತಿಕ್ರಿಯೆ ಆಗಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧದ ಹೆಸರು ಬರೆಸಿಕೊಳ್ಳಲು ಮರೆಯಿರಿ. ಔಷಧಗಳ ದುಷ್ಪರಿಣಾಮವನ್ನು ದಾಖಲಿಸಲೆಂದೇ 2010ರಿಂದ ದೇಶದಲ್ಲೊಂದು ಯೋಜನೆಯಿದೆ, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನೋಡಿಕೊಳ್ಳುತ್ತದೆ, ವೈದ್ಯರೇ ಆಗಬೇಕೆಂದಿಲ್ಲ, ರೋಗಿಯೂ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಆ ಸಂಖ್ಯೆ 1800-180-3024. ಗುರುತು ಹಾಕಿಕೊಳ್ಳಬೇಡಿ.

ಮೈಮೇಲೆ ದದ್ದು ಎದ್ದದ್ದನ್ನು, ಉಸಿರು ಹಿಡಿದದ್ದನ್ನು, ಸಿಸ್ಟರು ಓಡಿಬಂದದ್ದನ್ನು ಧಾರಾಳವಾಗಿ ಹೇಳಿಕೊಳ್ಳಿ. ಪಕ್ಕದ ಮನೆಯವರಿಗೆ ಹೇಳಿ, ಹಾಲಿನವನಿಗೆ ಹೇಳಿ, ಗೃಹಪ್ರವೇಶದ ಪಂಕ್ತಿಯಲ್ಲಿ ಪಾಯಸ ಬರುವವರೆಗೂ ಹೇಳಿ, ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಊದಿದ ತುಟಿಯ ಫೋಟೋ ಹಾಕಿ. ಆರು ತಿಂಗಳು ಬಿಟ್ಟು ಬೇರೊಂದು ಸೆಂಟರಿನಲ್ಲಿ ಹುಡುಗಿಯೊಬ್ಬಳು ಫಾರಂ ಹಿಡಿದು ಬಂದು ‘ಹಿಂದೆ ಯಾವಾಗಾದ್ರೂ ರಿಯಾಕ್ಷನ್ ಆಗಿತ್ತಾ?’ ಎಂದಾಗ ಮಾತ್ರ ಬದನೆಕಾಯಿಯಿಂದ ಶುರುಮಾಡಿ.